ಹೊರಗೆ ತೆಗೆದಿಟ್ಟ ಮೀನು

ಹೆಣದ ಸ್ನಾನಕ್ಕೆ ತಂದ ನೀರಿನ ಕೊಡವನ್ನು ಕೆರ್ತಿ ಅರ್ದಿಕನ ಕೈಯಿಂದ ಕಿತ್ತುಕೊಂಡಳು. ಅರ್ಧ ನೀರು ಅವನ ಕಪ್ಪು ಪಂಚೆಯ ಮೇಲೆ ಚೆಲ್ಲಿತು, ಇನ್ನರ್ಧ ಅಂಗಳದ ಮರಳಿಗೆ ಹೋಯಿತು.

"ನೆಂಟರೆಲ್ಲ ಕೊಡ ಹೊರಬಾರದು," ಅಂದಳು, ಕೇರಿಗೆಲ್ಲ ಕೇಳುವ ಹಾಗೆ. "ಅಲ್ಲಿ ಕುರ್ಚಿ ಹಾಕಿದೀವಿ, ಕೂತ್ಕೊಳ್ಳಿ. ಕಾಫಿ ಬರುತ್ತೆ."

ಕೆರ್ತಿ ಅರ್ದಿಕನ ಹೆಂಡತಿಯ ಚಿಕ್ಕಮ್ಮ. ಮದುವೆಯಾಗದೆ, ಹುಟ್ಟಿದ ಮನೆಯಲ್ಲೇ ತಲೆ ನರೆಸಿಕೊಂಡವಳು. ಆರು ವರ್ಷ ಅವನನ್ನು 'ಲೋ' ಎಂದೇ ಕರೆದವಳು ಇವತ್ತು ಬಹುವಚನ ಹಚ್ಚಿ ಮಾತಾಡುತ್ತಿದ್ದಾಳೆಂದರೆ ಮುಖದ ಮೇಲೆ ಬಾಗಿಲು ಹಾಕುತ್ತಿದ್ದಾಳೆಂದೇ ಅರ್ಥ. ಅವನು ಹೋಗಿ ಕುರ್ಚಿಯ ಮೇಲೆ ಕೂತ. ಕಾಫಿ ಬಂತು, ಗಾಜಿನ ಲೋಟದಲ್ಲಿ, ಕೆಳಗೊಂದು ಸಾಸರ್ ಇಟ್ಟು. ಮನೆಯವರಿಗೆ ಯಾರೂ ಸಾಸರ್ ಕೊಡುವುದಿಲ್ಲ.

ಪೂರ್ವದ ಜಗಲಿಯ ಮೇಲೆ ಅವನ ಮಾವ ರೆದಾನ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಮುಂಜಾನೆ ಸತ್ತದ್ದು. ಸುದ್ದಿ ಅರ್ದಿಕನಿಗೆ ಮುಟ್ಟಿದ್ದು ಸಂಜೆಗೆ, ಅದೂ ಮೀನು ಮಾರುವವನೊಬ್ಬನ ಬಾಯಿಂದ. 'ನಿಮ್ಮ ಮಾವ ಹೋದ್ರಂತಲ್ಲ' ಅಂದಿದ್ದ ಅವನು, ತಕ್ಕಡಿಯಿಂದ ಕಣ್ಣೆತ್ತದೆ.

ಅಂಗಳದಲ್ಲಿ ಬಿದಿರಿನ ಮೇಜು ಸಿದ್ಧವಾಗುತ್ತಿತ್ತು. ಹೆಂಗಸರು ಬಾಳೆದೊನ್ನೆಗಳಲ್ಲಿ ಹೂವು, ಬೇವಿನೆಲೆ, ಅಕ್ಕಿ ತುಂಬುತ್ತಿದ್ದರು. ಸ್ನಾನ ಮುಗಿದ ಮೇಲೆ ಪೂಜಾರಿ ಕರೆಯುತ್ತಾನೆ: ಮನೆಯವರು ಬನ್ನಿ. ಆಗ ಸತ್ತವನ ಕಾಲ ಬಳಿ ಸಾಲಾಗಿ ಕೂತು ಕೈಮುಗಿಯುವವರು ಆ ಮನೆಯ ಮಕ್ಕಳು, ನಿಂತು ನೋಡುವವರು ಊರಿನವರು. ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಇಡೀ ಕೇರಿ ನೋಡುತ್ತಿರುತ್ತದೆ. ಮೂರು ತಿಂಗಳ ಹಿಂದೆ ಜಗಳವಾಡಿ ಎದ್ದುಹೋದ ಅಳಿಯ ಇವತ್ತು ಆ ಸಾಲಿನಲ್ಲಿ ಕೂರದಿದ್ದರೆ ಅವನಿಗೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ತಾಯಿಯ ಮನೆಯಲ್ಲೂ ಅವನ ಗತಿ ಅಷ್ಟೇ. ಮದುವೆಯ ದಿನ ಅಲ್ಲಿಯ ಪಿತೃಗಳ ಗುಡಿಯ ಮುಂದೆ ಕೂತು, 'ಇನ್ನು ನಾನು ನಿಮ್ಮವನಲ್ಲ, ಅಪ್ಪಣೆ ಕೊಡಿ' ಎಂದು ಬೇಡಿಕೊಂಡು ಬಂದಾಗಿದೆ. ಅಣ್ಣ ಅನ್ನ ಹಾಕುತ್ತಾನೆ. ಆದರೆ ಎಡೆ ಇಡುವಾಗ ತಮ್ಮನ ಹೆಸರು ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ಸತ್ತರೆ ಯಾವ ಮನೆಯಿಂದ ಎತ್ತಬೇಕೆಂದೇ ಗೊತ್ತಿಲ್ಲದ ಗಂಡಸು! ಬೀದಿನಾಯಿಗಾದರೂ ತನ್ನದೆಂಬ ಒಂದು ಬೀದಿ ಇರುತ್ತದೆ.

ಮಗಳು ಸೇಕಾರ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಕೈ ಬೀಸಿದ. ಮಗು ಕೈ ಎತ್ತಲು ಹೋಗಿ, ಕೆರ್ತಿಯ ಮುಖ ನೋಡಿ, ಎತ್ತಿದ ಕೈಯನ್ನು ಹಾಗೇ ಬಾಯೊಳಗೆ ಇಟ್ಟುಕೊಂಡಿತು.

*

ಅರ್ದಿಕನ ಹೆಂಡತಿ ಸುವಾಸ್ತಿನಿ ರೆದಾನನಿಗೆ ಒಬ್ಬಳೇ ಮಗಳು. ಗಂಡುಮಕ್ಕಳಿಲ್ಲದ ಮನೆಯಲ್ಲಿ ದೇವರ ಮುಂದೆ ಮಗಳನ್ನೇ ಮಗನೆಂದು ನಿಲ್ಲಿಸಿ, ಅವಳಿಗೆ ಗಂಡನನ್ನು ಮನೆತುಂಬಿಸಿಕೊಳ್ಳುವುದು ಉಂಟು. ಕಟ್ಟಳೆಯ ಪ್ರಕಾರ ಗಂಡು ಅವಳು, ಹೆಣ್ಣು ಅವನು. ಬೆಟ್ಟದಾಚೆಯ ತಬಾನಾನ್ ಕಡೆ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಈ ಉತ್ತರದ ಕಡಲತಡಿಯಲ್ಲಿ ಮಾತ್ರ ನಗೆಪಾಟಲು. ಅವಳ ಮನೆಯ ದಿಬ್ಬಣ ಬಂದು ಅರ್ದಿಕನನ್ನು ಕರೆದುಕೊಂಡು ಹೊರಟಾಗ ಅವನ ಗೆಳೆಯರು ಗೇಟಿನ ಬಳಿ ನಿಂತು, "ಅಳಬೇಡಮ್ಮಾ, ಗಂಡನ ಮನೇಲಿ ಒಳ್ಳೆ ಹೆಸರು ತಗೋ," ಎಂದು ಕೂಗಿದ್ದರು.

ಅವನು ನಕ್ಕಿದ್ದ. ಧೈರ್ಯಕ್ಕೆ ಕಾರಣವಿತ್ತು. ರೆದಾನನೂ ಮನೆ ಅಳಿಯನೇ. ತಬಾನಾನಿನಿಂದ ಬಂದು, ಇಲ್ಲಿ ಕೆರ್ತಿಯ ಅಕ್ಕನನ್ನು, ಅಂದರೆ ಸುವಾಸ್ತಿನಿಯ ತೀರಿಹೋದ ತಾಯಿಯನ್ನು, ಕಟ್ಟಿಕೊಂಡು, ಹುಲಿಯಂಥ ಮಾವನ ಕೈಕೆಳಗೆ ಸವೆದವನು. ನೊಗ ಹೊತ್ತ ಎತ್ತಿಗೆ ಇನ್ನೊಂದು ಎತ್ತಿನ ಹೆಗಲ ಹುಣ್ಣು ಗೊತ್ತಿರುತ್ತದೆ ಎಂದುಕೊಂಡಿದ್ದ ಅರ್ದಿಕ.

ಎಲ್ಲಿ ಬಂತು! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಗಂಡಸರಿಗೂ ಒಪ್ಪುವ ಮಾತು. ಮೊದಲ ದಿನದ ಊಟಕ್ಕೇ ರೆದಾನ ಮೀನಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡ. ಅರ್ದಿಕ ಬೈಕು ನಿಲ್ಲಿಸಿದ ಜಾಗ ಸರಿಯಿಲ್ಲ, ನಕ್ಕ ರೀತಿ ಸರಿಯಿಲ್ಲ, ಮಗಳಿಗೆ ಇಡಬೇಕೆಂದ ಹೆಸರು ಸರಿಯಿಲ್ಲ. ಮಾವ ಕೂತ ಜಗಲಿಗೆ ಅಳಿಯ ಬಂದರೆ ಮಾವ ಎದ್ದು ಹೋಗುತ್ತಿದ್ದ. ಅಳಿಯ ಎದ್ದು ಹೋದರೆ, "ನಾನು ಬಂದ್ರೆ ಓಡೋಗ್ತಾನೆ ನೋಡು, ಕಳ್ಳನ ಹಾಗೆ," ಅನ್ನುತ್ತಿದ್ದ.

ಅದೇ ರೆದಾನ ಹಿತ್ತಿಲ ಶೆಡ್ಡಿಗೆ ಕಾಲಿಟ್ಟರೆ ಬೇರೆಯೇ ಮನುಷ್ಯ. ಅಲ್ಲಿ ಗಾಜಿನ ತೊಟ್ಟಿಗಳಲ್ಲಿ ಪಟ್ಟೆಮೀನು ಸಾಕುತ್ತಿದ್ದ. ಕಿತ್ತಳೆ ಮೈ, ಬಿಳಿ ಪಟ್ಟೆ, ಪೇಟೆಯವರು ಕ್ಲೌನ್ ಮೀನು ಎಂದು ಕೊಂಡುಹೋಗುವ ಜಾತಿ. ವಯಸ್ಸಿನಲ್ಲಿ ಕಡಲಿಗೆ ಮುಳುಗಿ ಹಿಡಿಯುತ್ತಿದ್ದವನು, ಮೊಣಕಾಲು ಹೋದ ಮೇಲೆ ಜೋಡಿ ಕಟ್ಟಿ ಮರಿ ಮಾಡಿಸುತ್ತಿದ್ದ. ಜೋಡಿ ಕಟ್ಟುವುದೇ ಕಷ್ಟದ ಕೆಲಸ. ನೋಡಲು ಆಟಿಕೆಯಂತಿದ್ದರೂ ಜಗಳಕ್ಕೆ ಆ ಮೀನಿನ ಸಮ ಇನ್ನೊಂದಿಲ್ಲ.

ಒಮ್ಮೆ ಒಂದು ತೊಟ್ಟಿಯ ಗಂಡು ಸತ್ತಿತ್ತು. ರೆದಾನ ಸ್ಟೂಲಿನ ಮೇಲೆ ಕೂತು, ಉಳಿದ ಹೆಣ್ಣನ್ನು ನೋಡುತ್ತಾ, ಕೇಳದಿದ್ದರೂ ಅರ್ದಿಕನಿಗೆ ಹೇಳಿಕೊಟ್ಟಿದ್ದ. ಆ ಮನೆಯಲ್ಲಿ ಅವರಿಬ್ಬರೂ ಬೈಗುಳವಿಲ್ಲದೆ ಮಾತಾಡಿದ ಮಧ್ಯಾಹ್ನ ಅದೊಂದೇ ಇರಬೇಕು.

"ಇವಳಿಗೆ ಈ ನೀರೆಲ್ಲ ತನ್ನದೇ ಅಂತ ಲೆಕ್ಕ. ಹೊಸಬನ್ನ ಹಾಗೇ ತಂದು ಬಿಟ್ರೆ ಸಂಜೆಯೊಳಗೆ ರೆಕ್ಕೆ ಹರಿದು ಕೈಗೆ ಕೊಡ್ತಾಳೆ."

"ಮತ್ತೆ ಹೆಂಗೆ ಬಾಪಾ?" ಎಂದ ಅರ್ದಿಕ. ಬಾಪಾ ಅಂದರೆ ಅಪ್ಪ, ಮನೆ ಅಳಿಯನೂ ಹಾಗೇ ಕರೆಯಬೇಕು.

"ಚಿಕ್ಕದನ್ನ ತರ್ಬೇಕು, ಇವಳ ಅರ್ಧ ಇರೋದು. ಸಮಸಮ ಇದ್ರೆ ಯಾರಾದ್ರೂ ಒಬ್ರು ಸಾಯಲೇಬೇಕು. ತಂದು ತೂತಿನ ಬುಟ್ಟೀಲಿ ಹಾಕಿ ಇದೇ ನೀರಲ್ಲಿ ತೇಲಿಬಿಡು. ಇವಳು ಬಂದು ಬಂದು ಬುಟ್ಟಿಗೆ ಗುದ್ದಲಿ. ಗುದ್ದಿ ಗುದ್ದಿ ಬೇಜಾರಾಗ್ಲಿ. ಒಳಗಿರೋದು ಒಂದಿನ ಮೈ ಓರೆ ಮಾಡಿ ಗಡಗಡ ನಡುಗುತ್ತೆ. 'ಆಯ್ತಮ್ಮಾ, ನೀನೇ ದೊಡ್ಡೋಳು' ಅಂತ. ಆಗ ಬಿಡು."

"ಬಿಟ್ಟ ಮೇಲೂ ಇವಳು ಅಟ್ಟಾಡಿಸ್ಕೊಂಡು ಹೊಡೆದ್ರೆ?"

ರೆದಾನ ತಿರುಗಿ ನೋಡಿದ. ಒಳ್ಳೆ ಪ್ರಶ್ನೆ ಕೇಳಿದ ಹುಡುಗನನ್ನು ಮೇಷ್ಟ್ರು ನೋಡಿದ ಹಾಗೆ.

"ಆಗ ಎಲ್ಲರೂ ಒಂದೇ ತಪ್ಪು ಮಾಡ್ತಾರೆ. ಪೆಟ್ಟು ತಿಂದಿರೋ ಚಿಕ್ಕದನ್ನ ತೆಗೆದುಬಿಡ್ತಾರೆ. ತೆಗೀಬಾರ್ದು. ಜಗಳಗಂಟಿನ ತೆಗೀಬೇಕು. ದೊಡ್ಡದನ್ನ ಹಿಡಿದು ಬೇರೆ ತೊಟ್ಟೀಲಿ ಒಂಟಿ ಇಡು. ಅಷ್ಟೊತ್ತಿಗೆ ಚಿಕ್ಕದಕ್ಕೆ ಇದು ತನ್ನ ಮನೆ ಅಂತ ರೂಢಿ ಆಗುತ್ತೆ. ಆಮೇಲೆ ದೊಡ್ಡದನ್ನ ವಾಪಸ್ ಬಿಡು. ಈಗ ಹೊಸಬಳು ಅವಳೇ. ಸೊಕ್ಕು ಇಳಿದಿರುತ್ತೆ, ಮೂಲೇಲಿ ಜಾಗ ಸಿಕ್ಕಿದ್ರೆ ಸಾಕು ಅನ್ನೋ ಹಂಗಿರ್ತಾಳೆ."

ಅರ್ದಿಕನಿಗೆ ಅಸೂಯೆಯಾಗಿತ್ತು. ಬೆರಳುದ್ದದ ಮೀನಿಗೆ ಇಷ್ಟು ತಾಳ್ಮೆ, ಇಷ್ಟು ಉಪಾಯ. ನಡುಗಿ ನಡುಗಿ ಮೈ ಓರೆ ಮಾಡಿದ ತನಗೆ ಒಂದು ಬುಟ್ಟಿಯ ಮರೆಯೂ ಇಲ್ಲವಲ್ಲ, ಥೂ!

ಕೊನೆಗೆ ಮುರಿದುಬಿದ್ದದ್ದೂ ಮೀನಿನಿಂದಲೇ. ರೆದಾನ ಡಾಕ್ಟರ ಬಳಿ ಹೋಗಿದ್ದ ದಿನ ಅರ್ದಿಕ, ಬುಟ್ಟಿಯಲ್ಲಿದ್ದ ಹೊಸದನ್ನು ತೊಟ್ಟಿಗೆ ಬಿಟ್ಟ. ಅದು ನಡುಗಿದ್ದನ್ನು ಕಣ್ಣಾರೆ ಕಂಡಿದ್ದ. ತನಗೂ ಈ ಕೆಲಸ ಬರುತ್ತದೆಂದು ಮಾವನಿಗೆ ತೋರಿಸಬೇಕಿತ್ತು. ಆದರೆ ಚಿಕ್ಕದು ಸಿಗದೆ ರೆದಾನ ತಂದಿಟ್ಟಿದ್ದ ಆ ಹೊಸದು ಗಾತ್ರದಲ್ಲಿ ಹಳೆಯದಕ್ಕಿಂತ ಒಂದು ಗುಲಗಂಜಿ ಕಡಿಮೆ, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಬಾಲ ಹರಿದು, ಕಣ್ಣೊಂದು ಹೋಗಿ, ನೀರಿನ ಮೇಲೆ ತೇಲುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ರೆದಾನ ಆ ಸತ್ತ ಮೀನನ್ನು ಬೆರಳ ತುದಿಯಲ್ಲಿ ತಂದು ಅರ್ದಿಕನ ತಟ್ಟೆಯ ಅನ್ನದ ಮೇಲೆ ಇಟ್ಟ.

"ತಿನ್ನು. ಕೊಂದೋನು ನೀನೇ ತಾನೆ."

ಹೆಂಡತಿ ನೋಡುತ್ತಿದ್ದಳು, ಮಗು ನೋಡುತ್ತಿತ್ತು, ಕೆರ್ತಿ ಸೆರಗಿನಲ್ಲಿ ನಗುತ್ತಿದ್ದಳು. ಅರ್ದಿಕ ತಟ್ಟೆಯನ್ನು ಗೋಡೆಗೆ ಬೀಸಿ ಎದ್ದ. "ನಿಮ್ಮ ಮಾವ ನಿಮಗೆ ಮಾಡಿದ್ದನ್ನ ನನ್ನ ಮೇಲೆ ತೀರಿಸ್ಕೋಬೇಡಿ," ಎಂದು ಕೂಗಿದ. ಹೆಂಡತಿಯ ಕಡೆ ತಿರುಗಿ, "ಬರ್ತೀಯಾ, ಇಲ್ವಾ?" ಎಂದ. ಅವಳು ಹೇಗೆ ಬಂದಾಳು? ಈ ಮನೆಯ ಮಗ ಅವಳು. ಪಿತೃಗಳೆಲ್ಲ ಅವಳ ಕೊರಳಿಗೆ ಕಟ್ಟಿದವರು. ಅವಳು ಕೂತಲ್ಲೇ ಕೂತು ಮಗುವಿನ ಕೂದಲಿಗೆ ಅಂಟಿದ ಅನ್ನದ ಅಗುಳು ತೆಗೆಯುತ್ತಿದ್ದಳು. ಅವನು ಹಿಂತಿರುಗಿ ನೋಡದೆ ಹೋದ.

*

"ನಿನಗೂ ಸಾಸರ್ ಕೊಟ್ರಾ?" ಎಂದು ಪಕ್ಕದ ಕುರ್ಚಿಗೆ ಬಂದು ಬಿದ್ದವನು ಮುದುಕ ತೆಕೆನ್. ರೆದಾನನ ಜೊತೆ ಕಡಲಿಗೆ ಮುಳುಗುತ್ತಿದ್ದವನು. ಆಳದ ನೀರು ಅವನ ಕಿವಿಗಳನ್ನು ತಿಂದುಹಾಕಿತ್ತು, ಹಾಗಾಗಿ ಗುಟ್ಟನ್ನೂ ಕೂಗಿಯೇ ಹೇಳುವ ಮನುಷ್ಯ. "ನನಗೂ ಕೊಟ್ರು. ನಾಳೆ ನಾನು ಸತ್ರೆ ಹೆಣದ ಕೆಳಗೂ ಒಂದು ಸಾಸರ್ ಇಡ್ತಾಳೆ ಈ ಕೆರ್ತಿ."

"ಮೆಲ್ಲಗೆ ಮಾತಾಡಜ್ಜಾ."

"ಹಾಂ?"

"ಮೆಲ್ಲಗೆ!"

"ಮೆಲ್ಲಗೇ ಮಾತಾಡ್ತಿದೀನಲ್ಲೋ." ತೆಕೆನ್ ಸಾಸರಿಗೆ ಕಾಫಿ ಸುರಿದುಕೊಂಡ. "ಹೋದ ನೋಡು. ಸುಖ ಅಂತ ಒಂದು ಬೊಗಸೆ ಕಾಣ್ಲಿಲ್ಲ. ಆ ಹಳೇ ಮಾವ ಇದ್ನಲ್ಲ, ಇವನಿಗೆ ಅಡುಗೆಮನೆ ಮೆಟ್ಟಿಲ ಮೇಲೆ ಅನ್ನ ಹಾಕಿಸ್ತಿದ್ದ. ಬಾವಿ ನೀರನ್ನೂ ಕೇಳಿ ಸೇದಬೇಕಿತ್ತು. ಒಂದ್ಸಲ ಊರಿಗೆ ವಾಪಸ್ ಹೋದ, ತಬಾನಾನಿಗೆ. ಅವರಣ್ಣ ಗೇಟಿನಲ್ಲೇ ನಿಂತು, 'ನಮ್ಮ ದೇವರಿಗೆ ನೀನು ಯಾರು' ಅಂದ್ನಂತೆ. ಬಸ್ಸು ಹತ್ಕೊಂಡು ಬಂದ, ಮೆಟ್ಟಿಲ ಮೇಲೆ ಕೂತು ಅನ್ನ ತಿಂದ. ನನ್ನ ಹತ್ರ ಮಾತ್ರ ಅತ್ತಿದ್ದು."

ಅರ್ದಿಕ ಇದನ್ನು ಕೇಳಿರಲಿಲ್ಲ. ಗೇಟಿನ ಆ ಮಾತು ತನ್ನ ಅಣ್ಣನ ಬಾಯಲ್ಲಿ ಇನ್ನೂ ಬಂದಿಲ್ಲ, ಬರಲು ಬಹಳ ದಿನ ಬೇಕಿಲ್ಲ ಎಂದು ಅನ್ನಿಸಿತು.

"ಇಷ್ಟೆಲ್ಲ ಅನುಭವಿಸಿ," ತೆಕೆನ್ ಮುಂದುವರಿಸಿದ, "ಕೊನೆಗೆ ಶೆಡ್ಡಲ್ಲಿ ಸಾಯೋ ಹಾಗಾಯ್ತಲ್ಲ."

"ಯಾವ ಶೆಡ್ಡಲ್ಲಿ?"

"ಹಾಂ?"

"ಯಾವ ಶೆಡ್ಡು ಅಜ್ಜಾ?"

"ಮೀನಿನ ಶೆಡ್ಡು. ಇನ್ಯಾವುದಿದೆ?" ತೆಕೆನ್ ಅವನ ಮುಖವನ್ನು ಓರೆಯಾಗಿ ನೋಡಿದ. "ಗೊತ್ತಿಲ್ವೇನೋ ನಿನಗೆ? ನೀನು ಹೋದ ಮಾರನೇ ಬೆಳಗ್ಗೆ ಹಾಸಿಗೆ ಸುತ್ಕೊಂಡು ಅಲ್ಲಿಗೆ ಹೋದ. ಮಂಚದ ಒಂದು ತುದಿ ಹಿಡ್ಕೊಂಡೋನು ನಾನೇ. 'ಏನಯ್ಯಾ, ಕಟ್ಟಿದ ಮನೆ ಬಿಟ್ಟು ಆ ಪಂಪಿನ ಸದ್ದಲ್ಲಿ ಮಲಗ್ತೀಯಾ, ತಲೆ ಕೆಟ್ಟಿದ್ಯಾ?' ಅಂದೆ. ಏನಂದ ಗೊತ್ತಾ? 'ಜಗಳಗಂಟಿನ ಹೊರಗೆ ತೆಗೆದಿಟ್ಟಿದೀನಿ. ಹುಡುಗ ಬಂದು ಮನೇಲಿ ರೂಢಿ ಆಗ್ಲಿ. ಆಮೇಲೆ ನಾನು ಮೆಲ್ಲಗೆ ಒಳಗೆ ಹೋಗ್ತೀನಿ.' ನನಗೆ ಅರ್ಥ ಆಗ್ಲಿಲ್ಲ. ಅವನ ಮಾತು ಯಾವತ್ತು ಅರ್ಥ ಆಗಿತ್ತು ಬಿಡು."

ಅರ್ದಿಕನಿಗೆ ಅರ್ಥವಾಯಿತು. ಅವನು ಲೋಟವನ್ನು ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ, ಮನೆಯ ಪಕ್ಕದ ಸಂದಿಯಿಂದ ಹಿತ್ತಿಲಿಗೆ ನಡೆದ.

*

ಶೆಡ್ಡಿನಲ್ಲಿ ಗಾಳಿಯ ಪಂಪು ಎಂದಿನಂತೆ ಗೊರಗುಟ್ಟುತ್ತಿತ್ತು. ಎರಡು ಸಾಲು ತೊಟ್ಟಿಗಳ ನಡುವೆ ಕಬ್ಬಿಣದ ಮಂಚ, ತಲೆಯ ಕಡೆ ಸೋರುವ ತಗಡು, ಆ ತಗಡಿಗೆ ಹಿಡಿದ ಪ್ಲಾಸ್ಟಿಕ್ ಹಾಳೆ. ಉಪ್ಪುನೀರಿನ ಪಸೆಗೆ ಹಾಸಿಗೆ ಒಂದು ಕಡೆ ಹಸಿರುಗಟ್ಟಿತ್ತು. ಎದೆ ಕಟ್ಟಿದ ಮುದುಕ ಮಲಗುವ ಜಾಗವೇ ಅದು?

ಮಂಚದ ತುದಿಯಲ್ಲಿ ಸುವಾಸ್ತಿನಿ ಕೂತಿದ್ದಳು. ಅಪ್ಪನಿಗೆ ಉಡಿಸಲು ಒಳ್ಳೆಯ ಪಂಚೆ ಹುಡುಕಿಕೊಂಡು ಬಂದವಳು ಪಂಚೆ ಮಡಿಲಲ್ಲಿಟ್ಟುಕೊಂಡು ಹಾಗೇ ಕೂತುಬಿಟ್ಟಿದ್ದಳು. ಅವನನ್ನು ಕಂಡು ಎದ್ದು ನಿಂತಳು.

"ಚಿಕ್ಕಮ್ಮ ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು," ಅಂದ ಅರ್ದಿಕ. ಹೆಂಡತಿಯನ್ನು ಅವನು ಕರೆಯುತ್ತಿದ್ದದ್ದೇ ಲುಹ್ ಎಂದು. "ಲುಹ್, ಬಾಪಾ ಇಲ್ಲಿಗೆ ಬಂದಿದ್ದು ಯಾಕೆ ಅಂತ ನಿನಗೆ ಗೊತ್ತಿತ್ತಾ?"

ಅವಳು ಪಂಚೆಯ ಮಡಿಕೆಯನ್ನು ಬಿಚ್ಚಿದಳು, ಮತ್ತೆ ಮಡಿಸಿದಳು.

"ಗೊತ್ತಿತ್ತು."

"ನನಗ್ಯಾಕೆ ಹೇಳಿಕಳಿಸ್ಲಿಲ್ಲ?"

"ಹೇಳಿಕಳಿಸಿದೀನಿ ಅಂತ ಅವರಿಗೆ ಹೇಳ್ದೆ." ಅವಳ ದನಿ ಒಣಗಿತ್ತು. "ದಿನಾ ಸಂಜೆ ಈ ಬಾಗಿಲಲ್ಲಿ ನಿಂತ್ಕೊಂಡು ಕೇಳೋರು. 'ಹೇಳಿಕಳಿಸಿದ್ಯೇನಮ್ಮಾ?' 'ಹೂಂ ಬಾಪಾ.' 'ಏನಂದ?' 'ಯೋಚನೆ ಮಾಡ್ತೀನಿ ಅಂದ.' 'ಸರಿ, ಮಾಡ್ಲಿ. ಅವಸರ ಬೇಡ. ಒಳಗೆ ನನ್ನ ಚಪ್ಪಲಿ ಇದ್ರೆ ಅದನ್ನೂ ಇಲ್ಲಿಗೆ ತಂದಿಡು, ಅವನ ಕಣ್ಣಿಗೆ ಬೀಳಬಾರ್ದು.' ಹೀಗೆ."

"ಯಾರ ಹತ್ರ ಹೇಳಿಕಳಿಸಿದ್ದೆ?"

"ಯಾರ ಹತ್ರಾನೂ ಇಲ್ಲ."

ಪಂಪು ಗೊರಗುಟ್ಟಿತು. ಅರ್ದಿಕ ಕಂಬಕ್ಕೆ ಕೈ ಕೊಟ್ಟು ನಿಂತ.

"ನೀನು ಹೋಗುವಾಗ ತಿರುಗಿ ನೋಡ್ಲಿಲ್ಲ," ಅಂದಳು ಅವಳು. "ನನ್ನ ಬಿಡು, ಮಗುನ್ನೂ ನೋಡ್ಲಿಲ್ಲ. ಮೂರು ದಿನ ಅದು ಗೇಟಿನ ಹತ್ರ ಊಟ ಮಾಡ್ತು. ಕರೆಸ್ಕೊಂಡು ಬರೋ ಗಂಡ ನನಗೆ ಬೇಡ, ಬಂದ್ರೆ ತಾನಾಗಿ ಬರ್ಲಿ ಅನ್ನಿಸ್ತು. ಗಂಡು ನಾನಂತಲ್ಲ ಈ ಮನೇಲಿ? ಗಂಡಸಿಗಿರೋ ಹಟ ನನಗೂ ಇರ್ಲಿ ಅಂದ್ಕೊಂಡೆ. ಬಾಪಾ ಮುಂದಿನ ವಾರ ಬೇಜಾರಾಗಿ ಒಳಗೆ ಬರ್ತಾರೆ, ಎಲ್ಲ ಸರಿಹೋಗುತ್ತೆ ಅಂದ್ಕೊಂಡೆ. ಬರ್ಲಿಲ್ಲ. ಮೊನ್ನೆ ಜ್ವರ ಏರಿದಾಗ ಕಾಲು ಹಿಡ್ಕೊಂಡೆ, 'ಒಳಗೆ ಬನ್ನಿ ಬಾಪಾ, ಬೆಚ್ಚಗೆ ಮಲಗಿ' ಅಂತ. 'ಹುಚ್ಚಿ, ಅವನು ಬರೋಕ್ ಮುಂಚೆ ನಾನು ಒಳಗೆ ಕಾಲಿಟ್ರೆ ಇಷ್ಟು ದಿನ ಮಾಡಿದ್ದೆಲ್ಲ ಹಾಳು. ಮತ್ತೆ ಮೊದಲಿಂದ ಶುರು ಮಾಡ್ಬೇಕು' ಅಂದ್ರು."

"ಹಾಗಾದ್ರೆ ಅವರು..."

"ಹೂಂ. ನೀನೇ ಬರಲ್ಲ ಅಂದೆ ಅಂದ್ಕೊಂಡೇ ಹೋದ್ರು. ಕರೆದ್ರೂ ಬರಲಿಲ್ಲ ಅಂದ್ಕೊಂಡು."

ಅವನ ಕೈ ಮೇಲೆದ್ದಿತು. ಹೊಡೆಯಲೆಂದೋ, ತನ್ನ ತಲೆಗೇ ಬಡಿದುಕೊಳ್ಳಲೆಂದೋ ಅವನಿಗೇ ತಿಳಿಯಲಿಲ್ಲ. ಸುವಾಸ್ತಿನಿ ಹಿಂದೆ ಸರಿಯಲಿಲ್ಲ, ಹೊಡೆದರೆ ಹೊಡೆಯಲಿ ಎಂಬಂತೆ ಕಣ್ಣು ಮುಚ್ಚಿ ನಿಂತಳು. ಕೈ ತಾನಾಗಿ ಇಳಿಯಿತು.

"ನಾನು ಬರ್ತಿದ್ದೆ ಲುಹ್. ಒಂದು ಮಾತು ಬಂದಿದ್ರೆ ಓಡಿ ಬರ್ತಿದ್ದೆ."

ಹೇಳಿದ ಮೇಲೆ ಅದು ನಿಜವೇ ಎಂದು ತನ್ನನ್ನೇ ಕೇಳಿಕೊಂಡ. ಎದ್ದು ಬರಲು ಮೂರು ತಿಂಗಳು ಅವನ ಕಾಲನ್ನು ಯಾರೂ ಕಟ್ಟಿಹಾಕಿರಲಿಲ್ಲ.

ಅಂಗಳದಿಂದ ಪೂಜಾರಿಯ ಗಂಟೆ ಕೇಳಿತು.

*

ಸ್ನಾನ ಮಾಡಿಸಿದ ರೆದಾನ ಬಿದಿರಿನ ಮೇಜಿನ ಮೇಲೆ ಬಹಳ ಸಣ್ಣಗೆ ಕಾಣುತ್ತಿದ್ದ. ಹುಬ್ಬಿನ ಮೇಲೆ ಬೇವಿನೆಲೆ, ಮುಚ್ಚಿದ ಕಣ್ಣುಗಳ ಮೇಲೆ ಕನ್ನಡಿಯ ಚೂರು. ಮುಂದಿನ ಜನ್ಮದಲ್ಲಿ ದೃಷ್ಟಿ ಹೊಳೆಯಲಿ ಅಂತ. ಈ ಜನ್ಮದಲ್ಲಿ ಏನು ಕಂಡನೋ.

"ಮನೆಯವರು ಬನ್ನಿ," ಎಂದ ಪೂಜಾರಿ.

ಸುವಾಸ್ತಿನಿ ಮಗುವನ್ನು ಎತ್ತಿಕೊಂಡು ಕಾಲ ಬಳಿ ಕೂತಳು. ದಾಯಾದಿಗಳು ಒಬ್ಬೊಬ್ಬರೇ ಹಿಂದೆ ಕೂತರು. ಅರ್ದಿಕ ಗುಂಪಿನಿಂದ ಹೊರಬಂದು ಎರಡು ಹೆಜ್ಜೆ ಇಟ್ಟ. ಕೆರ್ತಿ ಅಡ್ಡ ಬಂದಳು.

"ಎಲ್ಲಿಗೆ? ಅನ್ನದ ತಟ್ಟೆ ಗೋಡೆಗೆ ಎಸೆದು ಹೋದೋರು ಈ ಸಾಲಲ್ಲಿ ಕೂರೋ ಹಾಗಿಲ್ಲ. ಬದುಕಿದ್ದಾಗ ಬೇಡವಾದ ಮಾವ ಸತ್ತ ಮೇಲೆ ಬೇಕಾದ್ನಾ? ಮನೆ ಬೇಕಾಯ್ತೇನೋ!"

ಗುಂಪಿನಲ್ಲಿ ಯಾರೋ ಗುಸುಗುಟ್ಟಿದರು. ಕೇರಿಯ ಯಜಮಾನ ಗಂಟಲು ಸರಿಮಾಡಿಕೊಂಡ. "ಇದು ನಾವು ಹೇಳೋ ಮಾತಲ್ಲ ಕೆರ್ತಿ, ನೀನು ಹೇಳೋದೂ ಅಲ್ಲ. ಈ ಮನೆಗೆ ಮಗ ಯಾರೋ ಅವರು ಹೇಳ್ಲಿ."

ಎಲ್ಲರ ಕಣ್ಣೂ ಸುವಾಸ್ತಿನಿಯ ಬೆನ್ನ ಮೇಲೆ ನೆಟ್ಟವು. ಅವಳು ತಿರುಗಲಿಲ್ಲ. ಅವಳು ನಿಜ ಹೇಳದಿದ್ದರೂ ನಡೆದುಹೋಗುತ್ತದೆ ಎಂದು ಅರ್ದಿಕನಿಗೆ ಗೊತ್ತಿತ್ತು. ಓಡಿಹೋದ ಅಳಿಯ, ಕಾದು ಸತ್ತ ಮಾವ: ಊರು ಒಪ್ಪುವ ಕತೆ. ಅವಳ ಸುಳ್ಳನ್ನು ತೆಕೆನ್ ಕೂಡ ಅರಿಯ. ಅವನು ಕಾದು ನಿಂತ. ಮೈ ತನಗರಿಯದೆ ಒಂದು ಕಡೆಗೆ ಓರೆಯಾಗಿ ನಡುಗುತ್ತಿತ್ತು.

"ಬಾಪಾ ಇವನನ್ನ ಕರೆದಿದ್ರು," ಎಂದಳು ಸುವಾಸ್ತಿನಿ, ಸತ್ತವನ ಪಾದವನ್ನೇ ನೋಡುತ್ತಾ. "ಕರೆಸೋಕೆ ಅಂತಲೇ ಮನೆ ಬಿಟ್ಟು ಶೆಡ್ಡಲ್ಲಿ ಮಲಗಿದ್ರು. ನಾನು ಮಾತು ಮುಟ್ಟಿಸ್ಲಿಲ್ಲ. ಮುಟ್ಟಿಸಿದೀನಿ ಅಂತ ಸುಳ್ಳು ಹೇಳ್ದೆ. ತಪ್ಪು ನಂದು. ಇವನು ಈ ಮನೆಯವನು, ಕೂತ್ಕೊಳ್ಳಲಿ."

ಕೆರ್ತಿ ಎದೆ ಬಡಿದುಕೊಂಡು, ಎರಡು ದಿನದಲ್ಲಿ ಮೊದಲ ಸಲ, ನಿಜವಾಗಿ ಅತ್ತಳು.

"ಅಯ್ಯೋ ಪಾಪಿ, ದಿನಾ ಶೆಡ್ಡಿನ ಹೊಸ್ತಿಲಲ್ಲಿ ಕೂತು ದಾರಿ ನೋಡ್ತಿದ್ದನಲ್ಲೇ ನಮ್ಮ ಭಾವ! ನಾನು ಹೆಣ್ಣಿಗಾಗಿ ಕಾಯೋ ಮುದುಕನ ಹಾಗೆ ಕೂರಬೇಡ ಅಂತ ಹಂಗಿಸ್ತಿದ್ದೆನಲ್ಲೇ! ನೀನು ಕೊಂದೆಯಲ್ಲೇ ಅವನನ್ನ!"

ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. ಸುವಾಸ್ತಿನಿಯೂ ಇಲ್ಲ ಅನ್ನಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು, ಅರ್ದಿಕ ಹೋಗಿ ಕೂತ. ಸೇಕಾರ್ ತಾಯಿಯ ತೊಡೆಯಿಂದ ಅವನ ತೊಡೆಗೆ ದಾಟಿ, ಪಂಚೆಯ ಒದ್ದೆ ಭಾಗವನ್ನು ಮುಟ್ಟಿ, "ಉಚ್ಚೆ ಮಾಡ್ಕೊಂಡ್ಯಾ?" ಎಂದು ಕಿವಿಯಲ್ಲಿ ಕೇಳಿತು.

ಬೆರಳ ತುದಿಯಲ್ಲಿ ಹೂವು ಹಿಡಿದು, ಕೈ ಜೋಡಿಸಿ, ಅವನು ಹಣೆಗೆತ್ತಿದ. ಬೇಕಾದದ್ದು ಸಿಕ್ಕಿತು. ಮನೆ ಸಿಕ್ಕಿತು, ಹೆಂಡತಿ, ಮಗಳು, ಸತ್ತರೆ ಎತ್ತಲು ಒಂದು ಅಂಗಳ. ಒಳಗೆ ಅವನನ್ನು ಅಟ್ಟಾಡಿಸಲು ಇನ್ನು ಯಾರೂ ಇಲ್ಲ. 'ನನಗೆ ಗೊತ್ತಿರಲಿಲ್ಲ ಬಾಪಾ' ಎಂದು ಮನಸ್ಸಿನಲ್ಲೇ ಹೇಳಿದ. ಮೂರು ಸಲ ಹೇಳಿದ. ಕನ್ನಡಿಯ ಚೂರುಗಳಲ್ಲಿ ತೆಂಗಿನ ಗರಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಬೇರೆ ಉತ್ತರ ಬರಲಿಲ್ಲ.

*

ಬಿಸಿಲು ನೆತ್ತಿಗೇರಿದಾಗ ಹೆಣವನ್ನಿಟ್ಟು ಮಸಣಕ್ಕೆ ಹೊರುವ ಗೋಪುರ ಬೀದಿಗೆ ಬಂತು. ಬಿದಿರು, ಬಣ್ಣದ ಕಾಗದ, ಹತ್ತಿ. ಬಡವರ ಗೋಪುರ, ಆದರೂ ಕೇರಿಯ ಗಂಡಸರೆಲ್ಲ ಹೆಗಲು ಕೊಟ್ಟರು. "ಅಳಿಯನಿಗೆ ಮುಂದಿನ ಮೂಲೆ ಬಿಡ್ರೋ," ಎಂದ ಯಜಮಾನ. ಬೆಳಗ್ಗೆ ಅವನಿಗೆ ಸಾಸರ್ ಹಿಡಿದು ತಂದ ಹುಡುಗರೇ ಈಗ ಜಾಗ ಬಿಟ್ಟು ಬೆನ್ನು ತಟ್ಟಿದರು. ಜಾಗಟೆಗಳು ಶುರುವಾದವು. ಯಾರೋ ಪೈಪಿನಿಂದ ನೀರು ಹೊಡೆದರು, ಯಾರೋ ಪೋಲಿ ಹಾಡು ಎತ್ತಿದರು. ಅತ್ತು ಕಳಿಸಿದರೆ ಸತ್ತವನ ಕಾಲು ಎಳೆದಂತಾಗುತ್ತದೆಂದು ಈ ಕಡೆ ನಗುತ್ತಾ, ಕೂಗುತ್ತಾ, ಓಡುತ್ತಾ ಹೊರುವುದು. ತೆಕೆನ್ ಮುಂದೆ ಮುಂದೆ ಕುಣಿಯುತ್ತಾ, ಕುಣಿಯುತ್ತಲೇ ಅಳುತ್ತಿದ್ದ.

ಮಾರ್ಕೆಟ್ಟಿನ ನಾಲ್ಕು ದಾರಿ ಕೂಡುವಲ್ಲಿ ಗೋಪುರ ನಿಂತಿತು. ಇಲ್ಲಿ ಅದನ್ನು ಗರಗರ ತಿರುಗಿಸಬೇಕು. ಒಳಗಿರುವವನಿಗೆ ದಿಕ್ಕು ತಪ್ಪಬೇಕು, ಹೊರಟುಬಂದ ಮನೆಯ ದಾರಿ ಮರೆತುಹೋಗಬೇಕು. ಇಲ್ಲದಿದ್ದರೆ ಆಸೆ ಬಿಡದ ಜೀವ ಸಂಜೆಗೆ ವಾಪಸ್ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಎಲ್ಲ ಸಾವಿನಲ್ಲೂ ಮಾಡುವುದೇ. ಅರ್ದಿಕನೂ ಎಷ್ಟೋ ಸಲ ಹೆಗಲು ಕೊಟ್ಟು, ನಕ್ಕು, ತಿರುಗಿಸಿದ್ದ.

"ತಿರುಗಿಸ್ರೋ!" ಎಂದು ಯಜಮಾನ ಕೂಗಿದ.

ಗೋಪುರ ಅಲುಗಿತು. ಹಿಂದಿನವರು ನೂಕಿದರು, ಪಕ್ಕದವರು ಎಳೆದರು, ಕಾಗದದ ಹೂವುಗಳು ಗಾಳಿಗೆ ಕಿತ್ತುಹೋದವು. ಅರ್ದಿಕನ ಹಿಮ್ಮಡಿ ಕೆಸರಿನಲ್ಲಿ ಊರಿ ನಿಂತಿತು. ಬಿದಿರು ಹೆಗಲಿನ ಚರ್ಮ ಸುಲಿಯಿತು, ಅವನು ಬಿಡಲಿಲ್ಲ.

"ಏಯ್, ಯಾರೋ ಅದು ಅಡ್ಡ ಹಾಕ್ತಿರೋದು?"

"ಅಳಿಯ ಕಣೋ!"

"ಅರ್ದಿಕಾ, ಆ ಕಡೆ ಅಲ್ವೋ! ಈ ಕಡೆ, ಈ ಕಡೆ ತಿರುಗ್ಸು!"

ಗೋಪುರ ಒಂದು ಸುತ್ತು ಸುತ್ತಿತು, ಅವನನ್ನೂ ಎಳೆದುಕೊಂಡು. ಎರಡನೆಯ ಸುತ್ತಿಗೆ ಅವನ ಮೊಣಕಾಲು ನೆಲಕ್ಕೆ ತಾಗಿತು. ಎದ್ದ. ನೀರು, ಕೂಗು, ಜಾಗಟೆಗಳ ನಡುವೆ ಕೇರಿಯ ಗಂಡಸರೆಲ್ಲ ನಗುತ್ತಾ ಒಂದು ಕಡೆಗೆ ತಿರುಗಿಸುತ್ತಿದ್ದರು. ಅವನೊಬ್ಬ ಮಾತ್ರ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೆಗಲು ಕೊಟ್ಟು, ಗೋಪುರದ ಮುಖವನ್ನು ಮನೆಯ ಕಡೆಗೆ ತಳ್ಳುತ್ತಿದ್ದ.